ಮೇಷ್ಟ್ರ ದಣಿವಿಗೆ ಧ್ಯಾನ ಶಿಬಿರ ಮದ್ದಲ್ಲ

ಶಾಲಾ ಶಿಕ್ಷಕರು ಒತ್ತಡದಲ್ಲಿದ್ದಾರೆ ಎಂಬುದು ಈಗ ಗುಟ್ಟೇನಲ್ಲ. ಇಲಾಖೆಗೂ ಗೊತ್ತು, ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೂ ಗೊತ್ತು. ಅದಕ್ಕೆಂದೇ ಅಲ್ಲಲ್ಲಿ ಒತ್ತಡ ನಿರ್ವಹಣೆಯ ಕಾರ್ಯಾಗಾರಗಳು ನಡೆಯುತ್ತವೆ. ಸಂಪನ್ಮೂಲ ವ್ಯಕ್ತಿಯೊಬ್ಬರು ಬಂದು ಎಲ್ಲರನ್ನೂ ಕಣ್ಣು ಮುಚ್ಚಿ ಕೂರಿಸುತ್ತಾರೆ, ಉಸಿರಿನ ಕಡೆ ಗಮನ ಕೊಡಿ ಎನ್ನುತ್ತಾರೆ, ಸಕಾರಾತ್ಮಕ ಚಿಂತನೆಯ ಬಗ್ಗೆ ಎರಡು ಕತೆ ಹೇಳುತ್ತಾರೆ. ಊಟ, ಗ್ರೂಪ್ ಫೋಟೊ, ಹಿಮ್ಮಾಹಿತಿ ನಮೂನೆ ಮುಗಿಸಿ ಎಲ್ಲರೂ ಬಸ್ಸು ಹತ್ತುತ್ತಾರೆ. ಕಾರ್ಯಾಗಾರಕ್ಕೆ ಹೋದ ಶಿಕ್ಷಕಿಯ ತರಗತಿಯನ್ನು ಆ ದಿನ ಪಕ್ಕದ ಕೊಠಡಿಯವರು ತಮ್ಮ ಮಕ್ಕಳ ಜೊತೆಗೇ ಕೂರಿಸಿಕೊಂಡಿರುತ್ತಾರೆ. ಮರುದಿನ ಆಕೆ ಶಾಲೆಗೆ ಬಂದಾಗ ಪಾಠ ಒಂದು ದಿನ ಹಿಂದೆ ಬಿದ್ದಿರುತ್ತದೆ, ಜೊತೆಗೆ ಕಾರ್ಯಾಗಾರದ ವರದಿ ಕಳಿಸುವ ಕೆಲಸವೂ ಸೇರಿರುತ್ತದೆ.

ಧ್ಯಾನದ ಬಗ್ಗೆ ನನ್ನ ತಕರಾರಿಲ್ಲ. ಅದರಿಂದ ಸಮಾಧಾನ ಸಿಗುವವರಿಗೆ ಸಿಗಲಿ. ನೋವು ಒಂದು ಕಡೆ ಇರುವಾಗ ಮುಲಾಮು ಇನ್ನೊಂದು ಕಡೆ ಹಚ್ಚುತ್ತಿದ್ದೇವೆ ಎಂಬುದಷ್ಟೇ ನನ್ನ ಆಕ್ಷೇಪ. ಶಿಕ್ಷಕರ ದಣಿವನ್ನು ಅವರ ಮನೋಬಲದ ಕೊರತೆ ಎಂದು ಓದಿಕೊಂಡರೆ ಶಿಬಿರ ಸಾಕು ಅನ್ನಿಸುತ್ತದೆ. ಕೆಲಸವನ್ನು ಜೋಡಿಸಿರುವ ರೀತಿಯಿಂದಲೇ ಈ ದಣಿವು ಹುಟ್ಟುತ್ತಿದೆ ಎಂದು ಒಪ್ಪಿಕೊಂಡರೆ ವೇಳಾಪಟ್ಟಿ, ಆದೇಶ, ನೇಮಕಾತಿಗಳನ್ನೇ ಮುಟ್ಟಬೇಕಾಗುತ್ತದೆ. ಮೊದಲನೆಯದಕ್ಕೆ ಒಂದು ದಿನ, ಒಂದು ಸಭಾಂಗಣ ಸಾಕು. ಎರಡನೆಯದು ಕಷ್ಟದ ಕೆಲಸ, ಆದ್ದರಿಂದಲೇ ಅದನ್ನು ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ.

ಈ ವಿಷಯದಲ್ಲಿ ಅರ್ಧ ಶತಮಾನದ ಅಧ್ಯಯನವಿದೆ. ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಸೇವಾವೃತ್ತಿಗಳಲ್ಲಿರುವವರ ಬಳಲಿಕೆಯ ಬಗ್ಗೆ ಬರೆದು ‘ಬರ್ನ್‌ಔಟ್’ ಎಂಬ ಮಾತನ್ನು ಚಾಲ್ತಿಗೆ ತಂದರು. ಮತ್ತೊಬ್ಬ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಅದರಲ್ಲಿ ಮೂರು ಲಕ್ಷಣಗಳನ್ನು ಗುರುತಿಸಿದರು. ಮೊದಲನೆಯದು, ರಾತ್ರಿ ಮಲಗಿ ಎದ್ದರೂ ಇಳಿಯದ ದಣಿವು. ಎರಡನೆಯದು, ಯಾರಿಗಾಗಿ ಕೆಲಸ ಮಾಡುತ್ತಿದ್ದೇವೋ ಅವರ ಮೇಲೆಯೇ ಮನಸ್ಸು ಮರಗಟ್ಟುವುದು. ಮೂರನೆಯದು, ಏನು ಮಾಡಿದರೂ ಅಷ್ಟೇ ಎಂಬ ಭಾವನೆ. ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಕಿವಿಗೊಟ್ಟು ಕೂತರೆ ಮೂರೂ ಕೇಳಿಸುತ್ತವೆ. ಮಗುವೊಂದು ಮೂರನೇ ಸಲ ಬಂದು ಅದೇ ಪ್ರಶ್ನೆ ಕೇಳಿದಾಗ ರೇಗುವ ಶಿಕ್ಷಕಿ ಕೆಟ್ಟವಳೇನಲ್ಲ. ಐದು ವರ್ಷದ ಹಿಂದೆ ಅದೇ ಪ್ರಶ್ನೆಗೆ ಆಕೆ ಕೂತು ಉತ್ತರ ಹೇಳಿದ್ದವಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಹೊಸ ವರ್ಗೀಕರಣವನ್ನು ಒಪ್ಪಿದಾಗ ಬರ್ನ್‌ಔಟನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಸರಿಯಾಗಿ ನಿಭಾಯಿಸದೇ ಬಿಟ್ಟ, ಬಹುಕಾಲದ ಕೆಲಸದ ಒತ್ತಡ ಅದರ ಮೂಲ ಎಂಬುದು ಆ ವ್ಯಾಖ್ಯೆಯ ಸಾರ.

ಹಾಗಾದರೆ ಕೆಲಸ ಹೆಚ್ಚಾದದ್ದೇ ಕಾರಣವೇ? ಅಷ್ಟು ಸರಳವಲ್ಲ. ರಾಬರ್ಟ್ ಕರಸೆಕ್ ಎಂಬ ಸಮಾಜಶಾಸ್ತ್ರಜ್ಞ 1979ರಲ್ಲಿ ಒಂದು ವಾದ ಮುಂದಿಟ್ಟರು. ಕೆಲಸದ ಭಾರ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ನಿರ್ಧಾರ ಕೆಲಸ ಮಾಡುವವರ ಕೈಯಲ್ಲಿ ಇಲ್ಲದಿದ್ದಾಗ ಒತ್ತಡ ಮನುಷ್ಯನನ್ನು ಹಣ್ಣು ಮಾಡುತ್ತದೆ. ಅಷ್ಟೇ ಭಾರವಿದ್ದು ನಿರ್ಧಾರ ಕೈಯಲ್ಲಿದ್ದರೆ ಅದೇ ಕೆಲಸ ಹುರುಪು ಕೊಡಬಲ್ಲದು.

ಇದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ–ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಶುರುವಾದದ್ದು ಯುನಿಸೆಫ್ ನೆರವಿನಿಂದ, ನಿಜ. ಆದರೆ ಅದಕ್ಕೆ ಜೀವ ತುಂಬಿದ್ದು ಅಲ್ಲಿನ ಶಿಕ್ಷಕರು. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದವರು ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು, ಕಲಿಕೆಯ ಮೆಟ್ಟಿಲುಗಳನ್ನು ತಾವೇ ರೂಪಿಸಿದರು. ಕಾರ್ಡು ಬರೆಯುವುದು, ತರಗತಿಯಲ್ಲಿ ಪರೀಕ್ಷಿಸಿ ತಿದ್ದುವುದು ಪಾಠದ ಜೊತೆಗೆ ಬಂದ ಹೆಚ್ಚುವರಿ ದುಡಿಮೆ. ಆದರೂ ಅದು ಅವರದೇ ಯೋಚನೆಯಿಂದ ಹುಟ್ಟಿದ ದುಡಿಮೆ. ಮುಂದೆ 2009ರಲ್ಲಿ ನಲಿ–ಕಲಿ ರಾಜ್ಯದ ಕನ್ನಡ ಮಾಧ್ಯಮದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹೋಯಿತು. ಹೋದದ್ದು ಆದೇಶದ ರೂಪದಲ್ಲಿ. ಎಷ್ಟೋ ಕಡೆ ಶಿಕ್ಷಕರು ಅದನ್ನು ಹೊರೆ ಎಂದೇ ಕಂಡರು. ಒಂದೇ ಪದ್ಧತಿ ಒಂದು ತಾಲ್ಲೂಕಿನಲ್ಲಿ ಹುರುಪು, ಮತ್ತೊಂದರಲ್ಲಿ ಬೇಸರ. ನಡುವಿನ ವ್ಯತ್ಯಾಸ, ಶಿಕ್ಷಕರ ಮಾತಿಗೆ ಅಲ್ಲಿ ಜಾಗವಿತ್ತೇ ಇಲ್ಲವೇ ಎಂಬುದು.

ಈಗ ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯೊಂದರ ಬೆಳಗನ್ನು ಹತ್ತಿರದಿಂದ ನೋಡೋಣ. ಒಂದರಿಂದ ಐದನೇ ತರಗತಿ, ಮಕ್ಕಳು ಐವತ್ತರ ಒಳಗೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಂದರೆ ಕಾನೂನಿನ ಲೆಕ್ಕದಲ್ಲಿ ಈ ಶಾಲೆಗೆ ಕೊರತೆಯಿಲ್ಲ. ಒಬ್ಬ ಶಿಕ್ಷಕಿಗೆ ಒಂದರಿಂದ ಮೂರನೇ ತರಗತಿಯ ನಲಿ–ಕಲಿ ಕೊಠಡಿ. ಇನ್ನೊಬ್ಬರಿಗೆ ನಾಲ್ಕು ಮತ್ತು ಐದು, ಜೊತೆಗೆ ಪ್ರಭಾರ ಮುಖ್ಯ ಶಿಕ್ಷಕನ ಹೊಣೆ. ಪ್ರಾರ್ಥನೆ ಮುಗಿಯುತ್ತಿದ್ದಂತೆ ಹಾಲಿನ ಪುಡಿ ಅಳೆದು ಕೊಡಬೇಕು. ಹಾಜರಾತಿ ತೆಗೆದುಕೊಂಡು ಎಷ್ಟು ಮಂದಿಗೆ ಅಡುಗೆ ಎಂದು ಅಡುಗೆಯವರಿಗೆ ಹೇಳಬೇಕು, ಅಕ್ಕಿ ಬೇಳೆ ಎಣ್ಣೆಯನ್ನು ತೂಗಿ ಕೊಟ್ಟು ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂದು ಎಣಿಸಿ ಬೇರೆಯ ಲೆಕ್ಕ ಇಡಬೇಕು. ಅಷ್ಟರಲ್ಲಿ ಮೊಬೈಲು ಗುಂಯ್‌ಗುಡುತ್ತದೆ. ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅತಿ ತುರ್ತು’ ಎಂಬ ತಲೆಬರಹದ ಸಂದೇಶ: ಶಾಲೆಯ ಶೌಚಾಲಯಗಳ ಸಂಖ್ಯೆ, ಬಳಕೆಯಲ್ಲಿರುವುದು ಎಷ್ಟು, ಇಲ್ಲದ್ದು ಎಷ್ಟು, ಫೋಟೊ ಸಹಿತ 12 ಗಂಟೆಯೊಳಗೆ. ಇದೇ ಮಾಹಿತಿಯನ್ನು ಶಾಲೆಗಳ ಕೇಂದ್ರೀಯ ಮಾಹಿತಿಕೋಶವಾದ ಯುಡೈಸ್‌ನಲ್ಲಿ ಆಗಲೇ ತುಂಬಿಯಾಗಿದೆ.

ಇನ್ನು ಹೆಸರಿನ ಗೋಳು. ಮಗುವಿನ ಹೆಸರು ದಾಖಲಾತಿ ಪುಸ್ತಕದಲ್ಲಿ ಒಂದು ತರಹ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ತರಹ. ಅಪ್ಪನ ಹೆಸರಿನ ಮೊದಲಕ್ಷರ ಒಂದರಲ್ಲಿ ಮುಂದೆ ಇದ್ದರೆ ಇನ್ನೊಂದರಲ್ಲಿ ಹಿಂದೆ. ಎರಡೂ ತಾಳೆಯಾಗದಿದ್ದರೆ ವಿದ್ಯಾರ್ಥಿಗಳಿಗೆಂದು ಕೊಡುವ ‘ಅಪಾರ್’ ಗುರುತಿನ ಸಂಖ್ಯೆ ಹುಟ್ಟುವುದಿಲ್ಲ. ತಿದ್ದಿಸಲು ಕೂಲಿ ಬಿಟ್ಟು ಹೋಬಳಿಗೆ ಹೋಗಬೇಕಾದ ತಾಯಿ ಇವತ್ತು ನಾಳೆ ಎನ್ನುತ್ತಾಳೆ. ಇತ್ತ ತಾಲ್ಲೂಕಿನಿಂದ ‘ನಿಮ್ಮ ಶಾಲೆಯ ಪ್ರಗತಿ ಶೇಕಡಾ ಎಷ್ಟು’ ಎಂದು ಫೋನು ಬರುತ್ತದೆ. ಬೈಸಿಕೊಳ್ಳುವವರು ನಡುವೆ ನಿಂತ ಮೇಷ್ಟ್ರು. ತಪ್ಪು ಅವರದಲ್ಲ, ಅದನ್ನು ಸರಿಪಡಿಸುವ ಅಧಿಕಾರವೂ ಅವರದಲ್ಲ, ಆದರೆ ಉತ್ತರ ಹೇಳಬೇಕಾದವರು ಮಾತ್ರ ಅವರೇ. ಕರಸೆಕ್ ಹೇಳಿದ್ದು ಇದನ್ನೇ.

ಇದರಲ್ಲಿ ಯಾವುದೂ ಬೇಡದ ಕೆಲಸವಲ್ಲ. ಹಾಲು, ಮೊಟ್ಟೆ, ಬಿಸಿಯೂಟ ಮಕ್ಕಳಿಗೆ ಬೇಕೇ ಬೇಕು. ಅವುಗಳಿಂದ ಶಾಲೆಗೆ ಬಂದ, ಶಾಲೆಯಲ್ಲೇ ಉಳಿದ ಮಕ್ಕಳು ಎಷ್ಟೋ ಮಂದಿ. ಆದರೆ ಪ್ರತಿಯೊಂದು ಒಳ್ಳೆಯ ಯೋಜನೆಯೂ ಕೊನೆಗೆ ಇಳಿಯುವುದು ಒಂದೇ ಹೆಗಲಿನ ಮೇಲೆ. ಗುಮಾಸ್ತರಿಲ್ಲದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರೇ ಗುಮಾಸ್ತರು, ಉಗ್ರಾಣಿಗಳು, ಲೆಕ್ಕಿಗರು. ಕೆಲವೊಮ್ಮೆ ಕೈಯಿಂದ ಹಣ ಹಾಕುವವರೂ ಅವರೇ. ಒಂದು ಮೊಟ್ಟೆಗೆ ಸರ್ಕಾರ ಕೊಡುತ್ತ ಬಂದದ್ದು 6 ರೂಪಾಯಿ. ಬೇಯಿಸುವ, ಸುಲಿಯುವ, ಸಾಗಿಸುವ ಖರ್ಚೂ ಅದರಲ್ಲೇ ಬರಬೇಕು. ಚಳಿಗಾಲದಲ್ಲಿ ಅಂಗಡಿಯ ಬೆಲೆಯೇ ಅದನ್ನು ದಾಟಿದಾಗ ಉಳಿದ ಹಣ ಹೋಗುವುದು ಮುಖ್ಯ ಶಿಕ್ಷಕರ ಜೇಬಿನಿಂದ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಮಾತ್ರ ವಿನಾಯಿತಿ. ಹಾಗಿದ್ದೂ 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಮನೆಮನೆಗೆ ಹೋದವರು ಬಹುಪಾಲು ಶಿಕ್ಷಕರೇ. ದಸರಾ ರಜೆ ಅದರಲ್ಲೇ ಕಳೆಯಿತು. ಆ್ಯಪ್ ತೆರೆಯಲಿಲ್ಲ, ನೆಟ್‌ವರ್ಕ್ ಸಿಗಲಿಲ್ಲ, ವಿದ್ಯುತ್ ಮೀಟರಿನ ವಿಳಾಸ ಹಿಡಿದು ಮನೆ ಹುಡುಕಿದರೆ ಮನೆಯೇ ಸಿಗಲಿಲ್ಲ. ಕೆಲಸ ಮುಗಿಯದ ಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ತಪ್ಪಿಹೋದ ತರಗತಿಗಳನ್ನು ತುಂಬಿಕೊಡಬೇಕಾದವರೂ, ವಿಶ್ರಾಂತಿ ಕಳೆದುಕೊಂಡವರೂ ಒಬ್ಬರೇ ಎಂಬುದನ್ನು ಮಾತ್ರ ಗಮನಿಸಿ.

ಅದೇ ಕಾಯ್ದೆಯ ಅನುಸೂಚಿಯಲ್ಲಿ ಯಾರೂ ನೆನಪಿಸಿಕೊಳ್ಳದ ಒಂದು ಸಾಲಿದೆ. ಶಿಕ್ಷಕರ ವಾರದ ಕೆಲಸ ಕನಿಷ್ಠ 45 ಗಂಟೆ, ಪಾಠದ ಸಿದ್ಧತೆಯ ಸಮಯವೂ ಅದರಲ್ಲೇ ಸೇರಿದೆ. ಅಂದರೆ ನಾಳೆಯ ಪಾಠಕ್ಕೆ ಇವತ್ತು ಓದಿಕೊಳ್ಳುವುದು ಕಾನೂನಿನ ಕಣ್ಣಲ್ಲಿ ಕೆಲಸವೇ. ನಮ್ಮ ಎಷ್ಟು ಶಾಲೆಗಳ ವೇಳಾಪಟ್ಟಿಯಲ್ಲಿ ಆ ಸಿದ್ಧತೆಗೆ ಒಂದು ಅವಧಿ ಬಿಟ್ಟಿದ್ದಾರೆ? ಬಿಡುವಿನ ಅವಧಿ ಎಂದು ಇರುವುದನ್ನೂ ಗೈರಾದವರ ತರಗತಿಗೆ, ಇಲ್ಲವೇ ಆನ್‌ಲೈನ್ ಎಂಟ್ರಿಗೆ ಕೊಟ್ಟಾಗಿದೆ. ಸಿದ್ಧತೆಯಿಲ್ಲದೆ ತರಗತಿಗೆ ಹೋಗುವುದು ಶಿಕ್ಷಕರಿಗೆ ದೊಡ್ಡ ಅವಮಾನ. ಅದನ್ನು ದಿನವೂ ಅನುಭವಿಸಿದವರು ನಿಧಾನಕ್ಕೆ ಪಾಠದ ಮೇಲಿನ ಪ್ರೀತಿಯನ್ನೇ ಕಳೆದುಕೊಳ್ಳುತ್ತಾರೆ.

ಪ್ರೌಢಶಾಲೆಗಳಲ್ಲಿ ಈ ಒತ್ತಡ ಅಂಕಿಯ ರೂಪದಲ್ಲಿ ಬರುತ್ತದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ನಕಲು ನಿಂತದ್ದು ಒಳ್ಳೆಯದೇ. ಆದರೆ ಪ್ರಾಥಮಿಕ ಹಂತದಿಂದಲೇ ಓದಲು ಬಾರದೆ ಬಂದ ಮಗುವಿನ ಹೊಣೆ ಹತ್ತನೇ ತರಗತಿಯ ಗಣಿತ ಶಿಕ್ಷಕರ ಮೇಲೆ ಬೀಳುತ್ತದೆ. ಫಲಿತಾಂಶ ಬಂದ ವಾರವೇ ಜಿಲ್ಲೆಗಳ ರ‍್ಯಾಂಕ್ ಪಟ್ಟಿ, ಫಲಿತಾಂಶ ಕುಸಿದ ಶಾಲೆಗೆ ಕಾರಣ ಕೇಳಿ ನೋಟಿಸು. ಆ ಶಾಲೆಯಲ್ಲಿ ವರ್ಷವಿಡೀ ಗಣಿತದ ಹುದ್ದೆ ಖಾಲಿಯಿತ್ತೇ ಎಂದು ನೋಟಿಸು ಕಳಿಸುವವರು ಮೊದಲು ನೋಡಬೇಕಲ್ಲವೇ? ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂದು ಎಂಟನೇ ತರಗತಿವರೆಗಿನ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಹೇಳುತ್ತದೆ. ಹುದ್ದೆ ಖಾಲಿ ಬಿಟ್ಟವರಿಗೆ ಮಾತ್ರ ನೋಟಿಸು ಹೋದದ್ದನ್ನು ನಾವು ಕೇಳಿಲ್ಲ.

ಇಷ್ಟು ಹೇಳಿದ ಮೇಲೂ ಕಟ್ಟೆಯ ಮೇಲೆ ಕೂತವರು ಕೇಳುವ ಪ್ರಶ್ನೆ ಇದ್ದೇ ಇದೆ: ಕೈತುಂಬ ಸಂಬಳ, ವರ್ಷಕ್ಕೆ ಎರಡು ದೊಡ್ಡ ರಜೆ, ಇವರಿಗೆಂಥ ಒತ್ತಡ? ಸಂಬಳದ ಮಾತು ಕಾಯಂ ಶಿಕ್ಷಕರ ಮಟ್ಟಿಗೆ ನಿಜ. ಆದರೆ ಅದೇ ಶಾಲೆಯಲ್ಲಿ ಅದೇ ಪಾಠ ಮಾಡುವ ಅತಿಥಿ ಶಿಕ್ಷಕಿಗೆ ತಿಂಗಳಿಗೆ ಸಿಗುವ ಗೌರವಧನ 10–12 ಸಾವಿರದ ಆಸುಪಾಸು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಮುಂದಿನ ಜೂನ್‌ನಲ್ಲಿ ತನಗೆ ಕೆಲಸ ಇರುತ್ತದೆಯೇ ಎಂಬ ಖಾತ್ರಿ ಆಕೆಗಿಲ್ಲ. ಸಣ್ಣ ಖಾಸಗಿ ಶಾಲೆಗಳ ಕತೆ ಇನ್ನೂ ಬಿಗಿ. ಬೇಸಿಗೆಯಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸಿಕೊಂಡು ಬರಬೇಕು, ರಾತ್ರಿ ಹತ್ತಕ್ಕೂ ಪೋಷಕರ ಸಂದೇಶಕ್ಕೆ ಉತ್ತರಿಸಬೇಕು, ಮಗು ಬೇರೆ ಶಾಲೆಗೆ ಹೋದರೆ ಕಾರಣವನ್ನೂ ಹೇಳಬೇಕು. ಶಾಲೆಗೆ ಬಾರದ ಮೇಷ್ಟ್ರ ಕತೆಗಳು ಊರೂರಲ್ಲಿವೆ, ಸುಳ್ಳಲ್ಲ. ಆದರೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರಣವಿಲ್ಲದೆ ಗೈರಾಗಿದ್ದವರು ಶೇ 2.5ರಷ್ಟು ಮಾತ್ರ. ಶಾಲೆಯಲ್ಲಿ ಇಲ್ಲದ ಉಳಿದವರು ರಜೆ ಹಾಕಿದ್ದರು, ಇಲ್ಲವೇ ಇಲಾಖೆಯೇ ಅವರನ್ನು ಬೇರೆ ಕೆಲಸಕ್ಕೆ ಕಳಿಸಿತ್ತು.

ಹಾಗಾದರೆ ಮಾಡಬೇಕಾದ್ದೇನು? ಹಾರ್ವರ್ಡ್‌ನ ಸೂಸನ್ ಮೂರ್ ಜಾನ್ಸನ್ ಮತ್ತು ಸಂಗಡಿಗರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ದಾರಿ ತೋರುತ್ತದೆ. ಬಡ ಮಕ್ಕಳಿರುವ ಶಾಲೆಗಳನ್ನು ಶಿಕ್ಷಕರು ಬಿಟ್ಟು ಹೋಗುವುದಕ್ಕೆ ಮಕ್ಕಳಿಗಿಂತ ಅಲ್ಲಿನ ಕೆಲಸದ ಪರಿಸ್ಥಿತಿಯೇ ಹೆಚ್ಚು ಕಾರಣ ಎಂದು ಅವರು ಕಂಡುಕೊಂಡರು. ಆ ಪರಿಸ್ಥಿತಿಯಲ್ಲೂ ಕಟ್ಟಡ, ಸಲಕರಣೆಗಳಿಗಿಂತ ಹೆಚ್ಚು ತೂಕ ಬಂದದ್ದು ಮುಖ್ಯ ಶಿಕ್ಷಕರ ನಡವಳಿಕೆ, ಸಹೋದ್ಯೋಗಿಗಳ ಸಂಬಂಧ ಮತ್ತು ಶಾಲೆಯ ಒಟ್ಟು ವಾತಾವರಣಕ್ಕೆ. ದೇಶ ಬೇರೆಯಾದರೂ ನಮ್ಮ ಯಾವುದೇ ಶಿಕ್ಷಕರನ್ನು ಕೇಳಿ, ‘ಎಚ್‌ಎಂ ಒಳ್ಳೆಯವರಿದ್ದರೆ ಎಂಥ ಊರಾದರೂ ಸರಿ’ ಎನ್ನುತ್ತಾರೆ.

ಹಾಗಾಗಿ ಮೊದಲು ಬೇಕಾದದ್ದು ಒಳ್ಳೆಯ ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರು. ಒಳ್ಳೆಯವರು ಎಂದರೆ ಮೃದುವಾಗಿ ಮಾತಾಡುವವರು ಎಂದಷ್ಟೇ ಅಲ್ಲ. ಮೇಲಿನಿಂದ ಬರುವ ಪ್ರತಿ ‘ತುರ್ತು’ ಸಂದೇಶವನ್ನೂ ಹಾಗೆಯೇ ಕೆಳಗೆ ದಾಟಿಸದೆ, ಪಾಠದ ಹೊತ್ತಿನಲ್ಲಿ ತರಗತಿಯಿಂದ ಯಾರನ್ನೂ ಕರೆಯದೆ, ಎಂಟ್ರಿ ಕೆಲಸಕ್ಕೆ ದಿನದ ಒಂದು ಹೊತ್ತನ್ನು ಗೊತ್ತು ಮಾಡುವವರು. ಪೋಷಕರು ಜಗಳಕ್ಕೆ ಬಂದಾಗ ಶಿಕ್ಷಕಿಯನ್ನು ಎಲ್ಲರೆದುರು ನಿಲ್ಲಿಸದೆ ತಾವು ಮುಂದೆ ನಿಂತು, ಆಕೆಯ ತಪ್ಪಿದ್ದರೆ ಆಮೇಲೆ ಕೊಠಡಿಯೊಳಗೆ ಹೇಳುವವರು. ಇದಕ್ಕೆ ಅನುದಾನ ಬೇಕಿಲ್ಲ. ಆದರೆ ಅರ್ಧ ದಿನ ಪಾಠ, ಅರ್ಧ ದಿನ ಲೆಕ್ಕ ನೋಡುವ ಪ್ರಭಾರಿಗಳಿಂದ ಇದನ್ನು ನಿರೀಕ್ಷಿಸುವುದು ಕಷ್ಟ. ಖಾಲಿ ಇರುವ ಮುಖ್ಯ ಶಿಕ್ಷಕರ ಹುದ್ದೆಗಳನ್ನು ತುಂಬುವುದು ಶಿಕ್ಷಕರ ಮಾನಸಿಕ ಆರೋಗ್ಯದ ಕಾರ್ಯಕ್ರಮವೂ ಹೌದು.

ಎರಡನೆಯದು ರಜೆ. ಸಾಂದರ್ಭಿಕ ರಜೆ ಪುಸ್ತಕದಲ್ಲಿದೆ, ಪಡೆಯುವುದು ಹೇಗೆ? ಯುಡೈಸ್‌ನ 2024–25ರ ವರದಿಯಂತೆ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆ. ಕರ್ನಾಟಕದಲ್ಲಿ 7 ಸಾವಿರಕ್ಕೂ ಹೆಚ್ಚು. ಅಂಥ ಶಾಲೆಯ ಶಿಕ್ಷಕಿಗೆ ಜ್ವರ ಬಂದರೆ ಪಕ್ಕದೂರಿನ ಶಾಲೆಯಿಂದ ಯಾರನ್ನಾದರೂ ನಿಯೋಜಿಸಬೇಕು. ಅಲ್ಲಿಯೂ ಇರುವವರು ಇಬ್ಬರೇ. ಹಾಗಾಗಿ ಆಕೆ ಮಾತ್ರೆ ನುಂಗಿ ಬರುತ್ತಾಳೆ. ಪ್ರತಿ ಕ್ಲಸ್ಟರಿಗೂ ಯಾವ ಶಾಲೆಗೂ ಸೇರದ ಒಬ್ಬಿಬ್ಬರು ಶಿಕ್ಷಕರನ್ನು ರಜೆಯ ದಿನಗಳಿಗೆಂದೇ ಇಟ್ಟರೆ ಕಾಯಿಲೆ, ಹೆರಿಗೆ, ತರಬೇತಿ ಯಾವುದು ಬಂದರೂ ತರಗತಿ ನಿಲ್ಲುವುದಿಲ್ಲ, ರಜೆ ಕೇಳುವವರಿಗೆ ಅಳುಕೂ ಇರುವುದಿಲ್ಲ.

ಮೂರನೆಯದು ಒಂಟಿತನ. ದಿನವಿಡೀ ನಲವತ್ತು ಮಕ್ಕಳ ನಡುವೆ ಇದ್ದೂ ಶಿಕ್ಷಕರು ಒಂಟಿ. ತಾವು ಕಲಿಸುವುದನ್ನು ನೋಡಿ, ಅದರ ಬಗ್ಗೆ ಮಾತಾಡುವ ಇನ್ನೊಬ್ಬ ವಯಸ್ಕರು ಅಲ್ಲಿರುವುದಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇದಕ್ಕೆಂದೇ ಹುಟ್ಟಿದ್ದು. ಈಗ ಅಲ್ಲಿ ಸುತ್ತೋಲೆ ಓದುವುದರಲ್ಲೇ ಹೊತ್ತು ಕಳೆಯುತ್ತದೆ. ಅದನ್ನು ಮತ್ತೆ ಶಿಕ್ಷಕರ ಕೈಗೆ ಕೊಡಬಹುದು: ಭಿನ್ನರಾಶಿ ಹೇಳಿಕೊಡುವಾಗ ಮಕ್ಕಳು ಎಲ್ಲಿ ಎಡವುತ್ತಾರೆ, ಮಾತೇ ಆಡದ ಹುಡುಗನನ್ನು ಮಾತಿಗೆಳೆದದ್ದು ಹೇಗೆ ಎಂಬುದನ್ನು ಅವರವರೇ ಹಂಚಿಕೊಳ್ಳಲಿ. ಪ್ರೌಢಶಾಲಾ ಶಿಕ್ಷಕರಿಗಾಗಿ ರಾಜ್ಯದಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆ, ಅಂದರೆ ಎಸ್‌ಟಿಎಫ್, ಬೀದರ್‌ನವರ ಪ್ರಶ್ನೆಗೆ ಚಾಮರಾಜನಗರದವರು ಉತ್ತರಿಸುವಂತೆ ಮಾಡಿತ್ತು. ಇಂಥ ಜಾಲಗಳಲ್ಲಿ ಶಿಕ್ಷಕರಿಗೆ ಸಿಗುವುದು ಮಾಹಿತಿ ಮಾತ್ರವಲ್ಲ, ತನ್ನಂತೆಯೇ ಪಡಿಪಾಟಲು ಪಡುವವರು ಇನ್ನೂ ಇದ್ದಾರೆ ಎಂಬ ಧೈರ್ಯ.

ನಾಲ್ಕನೆಯದು ಮಾಹಿತಿಗೆ ಒಂದು ಶಿಸ್ತು. ಒಮ್ಮೆ ಕೊಟ್ಟ ಮಾಹಿತಿಯನ್ನು ಇನ್ನೊಂದು ವಿಭಾಗ ಮತ್ತೆ ಕೇಳಬಾರದು. ಪಾಠದ ವೇಳೆಯಲ್ಲಿ ಗಡುವು ಹಾಕಬಾರದು. ಶಾಲೆಗೊಬ್ಬ ಅಲ್ಲದಿದ್ದರೂ ಪಂಚಾಯಿತಿಗೊಬ್ಬ ಡೇಟಾ ಎಂಟ್ರಿ ಸಹಾಯಕ ಬೇಕು. ಹೊಸ ಕಾರ್ಯಕ್ರಮ ಸೇರಿಸುವಾಗ ಹಳೆಯದೊಂದನ್ನು ಕೈಬಿಡಬೇಕು. ಕಲಿಕಾ ಚೇತರಿಕೆ, ಮರುಸಿಂಚನ, ಓದು ಕರ್ನಾಟಕ, ಕಲಿಕಾ ಹಬ್ಬ — ಎಲ್ಲವೂ ಸದುದ್ದೇಶದ ಹೆಸರುಗಳೇ, ಆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ನಮೂನೆ, ಪ್ರತ್ಯೇಕ ವರದಿ ಇದ್ದರೆ ಕಲಿಸುವುದು ಯಾವಾಗ?

ಇವೆಲ್ಲ ಆದ ಮೇಲೂ ಕೆಲವರಿಗೆ ಮನಸ್ಸಿನ ನೆರವು ಬೇಕಾಗುತ್ತದೆ. ನಿದ್ದೆ ಬಾರದಿರುವುದು, ಬೆಳಗಾದರೆ ಶಾಲೆ ಎಂಬ ಯೋಚನೆಗೇ ಎದೆ ಹೊಡೆದುಕೊಳ್ಳುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ವಾರಗಟ್ಟಲೆ ಉಳಿದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಆಪ್ತ ಸಮಾಲೋಚನೆ ಉಚಿತವಾಗಿ ಸಿಗುತ್ತದೆ; ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಈ ಸಂಖ್ಯೆ ಪ್ರತಿ ಸಿಬ್ಬಂದಿ ಕೊಠಡಿಯ ಗೋಡೆಯ ಮೇಲಿರಲಿ. ಕರೆ ಮಾಡಿದ ಶಿಕ್ಷಕರನ್ನು ‘ತಲೆ ಕೆಟ್ಟವರು’ ಎನ್ನುವ ಚಾಳಿಯನ್ನು ಸಹೋದ್ಯೋಗಿಗಳು ಬಿಡಲಿ.

ಪೋಷಕರಿಗೂ ಒಂದು ಮಾತು. ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಗೆ ಹೋದಾಗ ಫಲಿತಾಂಶ ಎಷ್ಟು ಬಂತು ಎಂದು ಕೇಳುವುದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಕಳೆದ ತಿಂಗಳು ನಮ್ಮ ಶಿಕ್ಷಕರು ಎಷ್ಟು ದಿನ ಬೇರೆ ಕೆಲಸಕ್ಕೆ ಹೋಗಿದ್ದರು, ಅವರಿಗೆ ಪಾಠ ಸಿದ್ಧ ಮಾಡಿಕೊಳ್ಳಲು ವೇಳಾಪಟ್ಟಿಯಲ್ಲಿ ಎಷ್ಟು ಹೊತ್ತು ಇದೆ. ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಳಿಸಿ. ಶಿಕ್ಷಕರು ಕೇಳಿದರೆ ಕೆಲಸಗಳ್ಳತನ ಎನ್ನುವವರು, ಊರವರು ಕೇಳಿದಾಗ ಉತ್ತರ ಕೊಡಲೇಬೇಕಾಗುತ್ತದೆ.